ಮನೆಯೊಳಗಣ ಗೆದ್ದಲು

ಕಳ್ಳನು ಬಂದರೆ ನಾಯಿಯಾದರೂ ಬೊಗಳುವುದು. ಇಲಿಯು ಬಂದರೆ ಸದ್ದಾದರೂ ಆಗುವುದು. ಗೆದ್ದಲು ಬಂದುದು ಮಾತ್ರ ಮನೆಯವರಾರಿಗೂ ತಿಳಿಯುವುದಿಲ್ಲ. ತಿಳಿಯುವ ಹೊತ್ತಿಗೆ ಬಾಗಿಲುವಾಡದ ಒಳಗೆಲ್ಲ ಮಣ್ಣಾಗಿ, ಹೊರಗಿನ ಬಣ್ಣವೊಂದೇ ಉಳಿದಿರುವುದು. ಈ ಮಾತನ್ನು ನಾವು ಓದಿ ತಿಳಿದು ಬರೆಯುತ್ತಿಲ್ಲ. ನಷ್ಟಪಟ್ಟು ಕಲಿತು ಬರೆಯುತ್ತಿದ್ದೇವೆ.

ನಮ್ಮ ತೀರ್ಥರೂಪರು ಅಮರಕೋಶಕ್ಕೆ ಸ್ವಹಸ್ತದಿಂದ ಬರೆದಿದ್ದ ಕನ್ನಡ ಟಿಪ್ಪಣಿಗಳು ಏಳು ಪುಸ್ತಕಗಳಷ್ಟಿದ್ದುವು. ಅವುಗಳನ್ನು ಮರದ ಪೆಟ್ಟಿಗೆಯಲ್ಲಿಟ್ಟು, ಪೆಟ್ಟಿಗೆಯನ್ನು ಬಚ್ಚಲುಮನೆಯ ಗೋಡೆಗೆ ಒತ್ತಿ ನೆಲದ ಮೇಲೆಯೇ ಇರಿಸಿದ್ದೆವು. ಉದ್ಯೋಗದಿಂದ ನಿವೃತ್ತರಾದ ಮೇಲೆ ಶುದ್ಧಪ್ರತಿ ಮಾಡಬೇಕೆಂಬುದು ನಮ್ಮ ಬಹುಕಾಲದ ಸಂಕಲ್ಪ. ಆ ದಿನ ಬಂದು ಮುಚ್ಚಳವನ್ನು ತೆಗೆದಾಗ ಮೇಲಿನ ಎರಡು ಪುಸ್ತಕಗಳು ಸರಿಯಾಗಿಯೇ ಇದ್ದುವು. ಮೂರನೆಯದನ್ನು ಎತ್ತಿದರೆ ಕೈಗೆ ಭಾರವೇ ಇಲ್ಲ; ರಟ್ಟುಗಳ ನಡುವೆ ಬರಿಯ ಒದ್ದೆ ಮಣ್ಣು. ಅದರ ಕೆಳಗಿನವುಗಳ ಗತಿಯೂ ಅದೇ. ಅಂಗಡಿಯಲ್ಲಿ ದೊರೆಯುವ ಪುಸ್ತಕವಾಗಿದ್ದರೆ ಮತ್ತೆ ಕೊಳ್ಳಬಹುದಾಗಿತ್ತು. ಹೋದ ಕೈಬರಹವನ್ನು ಯಾರು ತಂದುಕೊಟ್ಟಾರು? ಕೌಟಿಲ್ಯನ ಅರ್ಥಶಾಸ್ತ್ರವು ಬಹುಕಾಲ ಹೆಸರಿಗೆ ಮಾತ್ರ ಉಳಿದಿತ್ತು. 1905ರಲ್ಲಿ ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿದ್ದ ತಾಳೆಯೋಲೆಯ ಪ್ರತಿಯಲ್ಲಿ ಆರ್. ಶಾಮಶಾಸ್ತ್ರಿಗಳು ಅದನ್ನು ಗುರುತಿಸಿದರು. 1909ರಲ್ಲಿ ಅದು ಅಚ್ಚಾಯಿತು. ಆ ಓಲೆಗಳು ಅದಕ್ಕೆ ಮೊದಲೇ ಗೆದ್ದಲಿನ ಪಾಲಾಗಿದ್ದರೆ ಏನಾಗುತ್ತಿತ್ತೆಂದು ವಾಚಕರೇ ಯೋಚಿಸಲಿ.

ಗೆದ್ದಲನ್ನು ಬಿಳಿಯ ಇರುವೆಯೆಂದು ಕರೆಯುವ ವಾಡಿಕೆಯುಂಟು. ಆದರೆ ಅದು ಇರುವೆಯಲ್ಲ. ಜಿರಲೆಯ ದಾಯಾದಿಯೆಂದು ಈಗಿನ ಪ್ರಾಣಿಶಾಸ್ತ್ರಜ್ಞರ ನಿರ್ಣಯ. ಹೊಲಕಾಡುಗಳಲ್ಲಿ ಇದು ಶತ್ರುವೂ ಅಲ್ಲ. ಒಣಗಿದ ಎಲೆಕಡ್ಡಿಗಳನ್ನು ಮತ್ತೆ ಮಣ್ಣಿಗೆ ಸೇರಿಸುವ ಉಪಕಾರಿ. ಕೆಲವು ಜಾತಿಯವು ಹುತ್ತದೊಳಗೆ ಆಹಾರಕ್ಕಾಗಿ ಬೂಷ್ಟಿನ ತೋಟವನ್ನೇ ಬೆಳೆಸುವುವು. ಮಳೆ ಬಿದ್ದಾಗ ಹುತ್ತದ ಮೇಲೆ ಏಳುವ ಕೆಲವು ಅಣಬೆಗಳು ಆ ತೋಟದವೇ. ನಾಗರಪಂಚಮಿಯಲ್ಲಿ ನಾವು ಹಾಲೆರೆಯುವ ಹುತ್ತವನ್ನು ಕಟ್ಟಿದುದೂ ಈ ಹುಳುವೇ. ಆದರೆ ಮರವು ಕಾಡಿನಲ್ಲಿ ಬಿದ್ದಿದೆಯೋ, ಮನೆಯಲ್ಲಿ ಕಪಾಟಾಗಿ ನಿಂತಿದೆಯೋ ಎಂಬ ಭೇದವು ಅದಕ್ಕೆ ತಿಳಿಯದು. ಅದನ್ನು ತಿಳಿದು ನಡೆಯಬೇಕಾದವರು ನಾವು.

ಇದರ ಗುರುತುಗಳನ್ನು ಹೇಳುವೆವು. ಮೊದಲನೆಯದು ಮಣ್ಣಿನ ಗೆರೆ. ಗೆದ್ದಲಿನ ಮೈ ಮೃದು. ಬೆಳಕು, ಒಣಗಾಳಿಗಳನ್ನು ಸಹಿಸದು. ಆದುದರಿಂದ ನೆಲದಿಂದ ಮರದವರೆಗೆ ಪೆನ್ಸಿಲಿನ ದಪ್ಪದ ಮಣ್ಣಿನ ಕೊಳವೆಯನ್ನು ಕಟ್ಟಿ ಅದರೊಳಗೆ ನಡೆದಾಡುವುದು. ಈ ಗೆರೆಯನ್ನು ಕಂಡರೆ ಎರಡು ಅಂಗುಲದಷ್ಟನ್ನು ಮುರಿದುನೋಡಿ. ನಾಲ್ಕು ದಿನಗಳಲ್ಲಿ ಮತ್ತೆ ಮುಚ್ಚಿದ್ದರೆ ಒಳಗೆ ಹುಳುವಿದೆಯೆಂದೇ ತಿಳಿಯಿರಿ. ಮುಚ್ಚದಿದ್ದರೂ ನಿಶ್ಚಿಂತರಾಗಬೇಡಿ, ಬೇರೆ ದಾರಿ ಹಿಡಿದಿರಬಹುದು. ಎರಡನೆಯದು ಶಬ್ದ. ಬಾಗಿಲುವಾಡದ ಬುಡವನ್ನು ಚಾಕುವಿನ ಹಿಡಿಯಿಂದ ತಟ್ಟಿದರೆ ಗಟ್ಟಿಮರವು ಗಟ್ಟಿಯಾಗಿ ನುಡಿಯುವುದು. ತಿಂದ ಮರವು ಟೊಳ್ಳಾಗಿ ನುಡಿಯುವುದು. ಮೂರನೆಯದು ರೆಕ್ಕೆಗಳು. ಮೊದಲ ಮಳೆಯ ಸಂಜೆ ದೀಪಕ್ಕೆ ಮುತ್ತುವ ಈಚಲುಹುಳುಗಳು ಗೆದ್ದಲಿನ ರಾಜರಾಣಿಯರಾಗತಕ್ಕವು. ಅವು ಹೊರಗಿನಿಂದ ಬಂದರೆ ಭಯವಿಲ್ಲ; ಗೋಡೆಯ ಬಿರುಕಿನಿಂದಲೋ ಕಿಟಕಿಯ ಚೌಕಟ್ಟಿನಿಂದಲೋ ಹೊರಟರೆ ಗೂಡು ಮನೆಯಲ್ಲಿಯೇ ಇದೆಯೆಂದರ್ಥ. ರೆಕ್ಕೆಯ ಇರುವೆಗೆ ಸೊಂಟ ಸಣ್ಣದು, ಮುಂದಿನ ರೆಕ್ಕೆ ದೊಡ್ಡದು. ಗೆದ್ದಲಿಗೆ ಸೊಂಟ ದಪ್ಪ, ನಾಲ್ಕು ರೆಕ್ಕೆಗಳೂ ಸಮ. ನಾಲ್ಕನೆಯದು ಕಾಳುಕಾಳಾದ ಹಿಕ್ಕೆ. ಮಣ್ಣಿನ ಸಂಪರ್ಕವಿಲ್ಲದೆ ಒಣಮರದಲ್ಲಿಯೇ ವಾಸಿಸುವ ಬೇರೊಂದು ಜಾತಿಯುಂಟು. ಅದು ಗೆರೆಯನ್ನು ಕಟ್ಟುವುದಿಲ್ಲ. ಗಸಗಸೆಯಂತಹ ಕಾಳುಗಳನ್ನು ಮರದ ಸಣ್ಣ ತೂತಿನಿಂದ ಹೊರಕ್ಕೆ ಉದುರಿಸುವುದು.

ಇನ್ನು ತಡೆಯುವ ಬಗೆ. ಗೆದ್ದಲಿಗೆ ಬೇಕಾದುವು ಮೂರು: ತೇವ, ಕತ್ತಲೆ, ಮರಕಾಗದಗಳು. ಈ ಮೂರನ್ನೂ ಒಂದೆಡೆ ಕೂಡಿಸಿಕೊಡುವವರು ಸಾಮಾನ್ಯವಾಗಿ ಮನೆಯವರೇ. ಸೋರುವ ನಲ್ಲಿಯನ್ನು ಕೂಡಲೇ ಸರಿಪಡಿಸಿರಿ. ಸೌದೆ, ತೆಂಗಿನ ಗರಿ, ಹಳೆಯ ಹಲಗೆಗಳನ್ನು ಗೋಡೆಗೆ ಒರಗಿಸಬೇಡಿ. ಹೂವಿನ ಪಾತಿಯು ಗೋಡೆಯ ಬುಡಕ್ಕೇ ಇರಬಾರದು. ಕಪಾಟನ್ನು ಗೋಡೆಯಿಂದ ಒಂದು ಗೇಣು ದೂರವಿಟ್ಟರೆ ಹಿಂಬದಿಯನ್ನು ನೋಡಲಾಗುವುದು. ಕಾಗದ ಪತ್ರಗಳನ್ನು ರಟ್ಟಿನ ಡಬ್ಬಗಳಲ್ಲಿ ನೆಲದ ಮೇಲೆ ಇಡಲೇಬಾರದು. ನಮ್ಮ ಹಿರಿಯರು ಮರದ ಕಂಬದ ಕೆಳಗೆ ಕಲ್ಲಿನ ಪೀಠವನ್ನಿಡುತ್ತಿದ್ದುದು ಚೆಲುವಿಗಾಗಿ ಮಾತ್ರವಲ್ಲ. ಮರಕ್ಕೂ ಮಣ್ಣಿಗೂ ನಂಟು ತಪ್ಪಿಸಿದಂತೆಯೂ ಆಗುತ್ತಿತ್ತು. ಕರಾವಳಿಯವರು ಮರಕ್ಕೆ ಗೇರೆಣ್ಣೆಯನ್ನು ಬಳಿಯುವರು. ತೇಗದ ಮರವನ್ನು ಗೆದ್ದಲು ಮುಟ್ಟದೆಂಬ ನಂಬಿಕೆಯು ಅರ್ಧಸತ್ಯ. ಒಳಗಿನ ಚೇಗು ಬಾಳುವುದು. ಹೊರಗಿನ ಬಿಳಿಯ ಭಾಗವನ್ನು ತಿನ್ನುವುದು. ಮಾವಿನ ಹಲಗೆಯಂತೂ ಅದಕ್ಕೆ ಹಬ್ಬದೂಟವೇ ಸರಿ.

ಹೊಸ ಮನೆಯನ್ನು ಕಟ್ಟಿಸುವವರು ತಳಪಾಯದ ಕಾಲದಲ್ಲಿಯೇ ಮಣ್ಣಿಗೆ ಔಷಧವನ್ನು ಹಾಕಿಸುವುದು ಮೇಲು. ಭಾರತೀಯ ಮಾನಕ 6313 ಎಂಬ ನಿಯಮಾವಳಿಯಲ್ಲಿ ಇದರ ಕ್ರಮವಿದೆ. ಕೆಲಸ ಮುಗಿದ ಮೇಲೆ ಮರದ ತುಂಡುಗಳನ್ನು ನೆಲದೊಳಗೆ ಹೂಳಿಹೋಗದಂತೆ ನೋಡಿಕೊಳ್ಳಬೇಕು. ಹಳೆಯ ಮನೆಯಲ್ಲಿ ಗೆದ್ದಲು ಕಂಡರೆ ಗೆರೆಯನ್ನು ಗುಡಿಸಿ, ಸೀಮೆಎಣ್ಣೆಯನ್ನು ಸವರಿ ಸುಮ್ಮನಾಗುವುದು ವ್ಯರ್ಥ. ಕಂಡ ನೂರು ಸತ್ತರೂ ನೆಲದಡಿಯ ರಾಣಿಯು ದಿನಕ್ಕೆ ಸಾವಿರಾರು ಮೊಟ್ಟೆಗಳನ್ನಿಡುವಳು. ಗೋಡೆಯೂ ನೆಲವೂ ಕೂಡುವೆಡೆಯಲ್ಲಿ ಸಾಲಾಗಿ ರಂಧ್ರಗಳನ್ನು ಕೊರೆದು ಔಷಧವನ್ನು ಹೊಯ್ಯಬೇಕು. ಇದು ಪರವಾನಗಿಯುಳ್ಳವರ ಕೆಲಸ. ಹಿಂದೆ ಬಳಸುತ್ತಿದ್ದ ಆಲ್ಡ್ರಿನ್ ಎಂಬ ವಿಷವು ಈಗ ನಮ್ಮ ದೇಶದಲ್ಲಿ ನಿಷಿದ್ಧ. ಹಳೆಯ ಡಬ್ಬಿಯು ಮೂಲೆಯಲ್ಲಿದ್ದರೆ ಅದನ್ನು ಮುಟ್ಟಬೇಡಿ. ಬಾವಿಯಿರುವ ಮನೆಯವರು ಆ ಮಾತನ್ನು ಮೊದಲೇ ತಿಳಿಸಬೇಕು. ಕೆಲಸ ನಡೆಯುವಾಗ ಮಕ್ಕಳನ್ನು ದೂರವಿಡಬೇಕು.

ಇಷ್ಟೆಲ್ಲ ಹೇಳಿದರೂ ಮುಖ್ಯವಾದುದು ಒಂದೇ. ತಿಂಗಳಿಗೊಮ್ಮೆ ಕೈಯಲ್ಲಿ ದೀಪವನ್ನು ಹಿಡಿದು ಮನೆಯ ಮೂಲೆಗಳನ್ನೂ ಕಪಾಟುಗಳ ಹಿಂಬದಿಯನ್ನೂ ನೋಡತಕ್ಕದ್ದು. ಅರ್ಧ ಗಂಟೆಯ ಕೆಲಸ. ನಾವು ಈಗ ಪ್ರತಿ ತಿಂಗಳ ಮೊದಲನೆಯ ಭಾನುವಾರ ಇದನ್ನು ತಪ್ಪದೆ ಮಾಡುತ್ತಿದ್ದೇವೆ. ದೀಪ ಹಿಡಿಯುವವಳು ನಮ್ಮ ಮೊಮ್ಮಗಳು. ಉಳಿದ ಎರಡು ಪುಸ್ತಕಗಳು ಈಗ ಉಕ್ಕಿನ ಬೀರುವಿನಲ್ಲಿವೆ. ಅವುಗಳ ಶುದ್ಧಪ್ರತಿಯೂ ಮುಗಿದಿದೆ. ಉಳಿದ ಐದರ ಮಾತನ್ನು ಆಡಿ ಫಲವಿಲ್ಲ. ನಿಮ್ಮ ಮನೆಯಲ್ಲಿಯೂ ಹಿರಿಯರ ಕೈಬರಹದ ಪೆಟ್ಟಿಗೆಯೊಂದಿದ್ದರೆ, ಈ ಪತ್ರಿಕೆಯನ್ನು ಮಡಿಸಿಟ್ಟು, ಈಗಲೇ ಎದ್ದು ಹೋಗಿ ಅದರ ತಳವನ್ನು ನೋಡಿರಿ.