ಹೊಸ ತೆನೆ ಮತ್ತು ಹಿಂದಿರುಗಿದ ಹತ್ತನೆಯವನು

ಸೆಪ್ಟೆಂಬರ್ 8, ಕನ್ಯಾ ಮರಿಯಮ್ಮನವರ ಜನ್ಮದಿನ. ಅಂದಿನ ಬಲಿಪೂಜೆ ಮುಗಿಸಿ ಮನೆಗೆ ಮರಳುವ ಕಾಸರಗೋಡು ಸೀಮೆಯ ಕೊಂಕಣಿ ಕಥೋಲಿಕ ಕುಟುಂಬದವರ ಕೈಯಲ್ಲಿ ಆಶೀರ್ವದಿಸಿದ ಭತ್ತದ ತೆನೆಯಿರುತ್ತದೆ. ಮನೆಯ ಪೀಠದ ಮುಂದೆ ಪ್ರಾರ್ಥನೆ ಸಲ್ಲಿಸಿ, ತೆನೆಯ ಕಾಳುಗಳನ್ನು ಸುಲಿದು, ಹಾಲಿನಲ್ಲೋ ಪಾಯಸದಲ್ಲೋ ಬೆರೆಸಿ ಎಲ್ಲರಿಗೂ ಹಂಚುತ್ತಾರೆ. ಒಬ್ಬೊಬ್ಬರಿಗೆ ಸಿಗುವುದು ನಾಲ್ಕಾರು ಕಾಳುಗಳ ಪಾಲು. ಹೊಟ್ಟೆ ತುಂಬಲು ಅದು ಸಾಲದು. ಅನ್ನ ಎಲ್ಲಿಂದ ಬಂತೆಂದು ನೆನೆಯಲು ಸಾಕು.

ನೆರೆಮನೆಯ ತುಳುವರು ಹೊಸಕ್ಕಿ ಊಟ ಮಾಡುವ ಈ ನೆಲದಲ್ಲಿ ಮೊಂತಿ ಹಬ್ಬ ಯಾರಿಗೂ ಹೊರಗಿನದೆನಿಸಿಲ್ಲ. ಆದರೆ ಗದ್ದೆಗಳು ಕಂಗಿನ ತೋಟಗಳಾದಂತೆ ತೆನೆಯನ್ನು ಹುಡುಕಿ ತರಬೇಕಾದ ಕಾಲ ಬಂದಿದೆ. ಅಕ್ಕಿ ಅಂಗಡಿಯ ಚೀಲದಿಂದ ಬರತೊಡಗಿದಾಗ ಮಳೆ, ಮಣ್ಣು, ನೇಜಿ ನೆಟ್ಟ ಕೈಗಳು ಕಣ್ಣಿಗೆ ಮರೆಯಾಗುತ್ತವೆ. ಬೆಲೆ ತೆತ್ತು ಕೊಂಡದ್ದಕ್ಕೆ ಯಾರ ಋಣವೂ ಇಲ್ಲವೆಂಬ ಭಾವ ಸದ್ದಿಲ್ಲದೆ ಬೆಳೆಯುತ್ತದೆ. ಕೃತಜ್ಞತೆ ಬಾಡುವುದು ಹೆಚ್ಚಾಗಿ ಈ ಮರೆವಿನಲ್ಲಿಯೇ.

ಲೂಕನ ಶುಭಸಂದೇಶದ 17ನೆಯ ಅಧ್ಯಾಯದಲ್ಲಿ ಬರುವ ಘಟನೆ ನಡೆದದ್ದು ಸಮಾರಿಯ ಮತ್ತು ಗಲಿಲೇಯಗಳ ಗಡಿಯಲ್ಲಿ. ಹತ್ತು ಮಂದಿ ಕುಷ್ಠರೋಗಿಗಳು ದೂರದಲ್ಲಿ ನಿಂತು ಯೇಸುವಿಗೆ ಮೊರೆಯಿಟ್ಟರು. ಯಾಜಕರಿಗೆ ಮೈತೋರಿಸಲು ಹೋಗಿರೆಂದು ಅಪ್ಪಣೆಯಾಯಿತು. ಗುಣಹೊಂದಿದವನು ಶುದ್ಧನೆನಿಸಿಕೊಳ್ಳಲು ಮೋಶೆಯ ಧರ್ಮಶಾಸ್ತ್ರದ ಪ್ರಕಾರ ಯಾಜಕನ ನಿರ್ಣಯ ಬೇಕಿತ್ತು. ಒಂಬತ್ತು ಮಂದಿ ಹೇಳಿದಂತೆಯೇ ನಡೆದರು. ಅವರ ಮೇಲೆ ಅಪ್ಪಣೆ ಮೀರಿದ ದೋಷ ಹೊರಿಸಲಾಗದು. ಹತ್ತನೆಯವನು ಮಾತ್ರ ಮೈ ಗುಣವಾದುದನ್ನು ಕಂಡು ಹಿಂದಿರುಗಿದ. ಅವನು ಸಮಾರಿಯದವನು, ಅನ್ಯನೆನಿಸಿಕೊಂಡವನು. ನಿಯಮಪಾಲನೆಗೂ ಕೃತಜ್ಞತೆಗೂ ಇರುವ ಅಂತರ ಆ ಒಂದು ಹಿಂದಿರುಗುವಿಕೆಯಲ್ಲಿದೆ. ಭಾನುವಾರದ ಪೂಜೆ ತಪ್ಪಿಸದವನೂ, ವಂತಿಗೆ ಬಾಕಿಯಿರಿಸದವನೂ ಆ ಒಂಬತ್ತು ಮಂದಿಯಲ್ಲಿ ಒಬ್ಬನಾಗಿರಬಹುದು.

ಹಿಂದಿರುಗುವ ಮನಸ್ಸು ಅಭ್ಯಾಸದಿಂದ ಬರುತ್ತದೆ. ಸಂಜೆಯ ಜಪಸರದ ಕೊನೆಯಲ್ಲಿ ಮನೆಯ ಪ್ರತಿಯೊಬ್ಬರೂ ಆ ದಿನ ದೊರೆತ ಒಂದು ಉಪಕಾರವನ್ನೂ, ಅದು ಯಾರ ಕೈಯಿಂದ ಬಂತೆಂಬುದನ್ನೂ ಹೇಳಲು ಐದು ನಿಮಿಷ ಸಾಕು. ‘ಎಲ್ಲಕ್ಕೂ ಸ್ತೋತ್ರ’ ಎಂಬ ಮಾತು ನಾಲಗೆಯ ಮೇಲೆಯೇ ಉಳಿದುಬಿಡಬಹುದು. ‘ಬಾವಿ ಬತ್ತಲಿಲ್ಲ’, ‘ಬಸ್ಸಿನಲ್ಲಿ ಯಾರೋ ಅಜ್ಜಿಗೆ ಜಾಗ ಬಿಟ್ಟರು’ ಎಂಬ ಮಾತು ಮನಸ್ಸಿಗಿಳಿಯುತ್ತದೆ. ಕೈಯನ್ನು ನೆನೆದ ಮೇಲೆ ಆ ಕೈಗೆ ಸಲ್ಲಬೇಕಾದುದನ್ನೂ ನೆನೆಯಬೇಕು. ತೋಟದ ಕೆಲಸದವರ ಕೂಲಿಯನ್ನು ನಾಳೆಗೆ ತಳ್ಳಿ ದೇವರಿಗೆ ಸ್ತೋತ್ರ ಹಾಡುವವನು ಯಕೋಬನ ಪತ್ರದ ಐದನೆಯ ಅಧ್ಯಾಯವನ್ನು ಓದಲಿ: ಅಲ್ಲಿ ತಡೆಹಿಡಿದ ಕೂಲಿಯೇ ದೇವರಿಗೆ ದೂರು ಕೊಡುತ್ತದೆ.

ಆದರೂ ಕಾಸರಗೋಡಿನಲ್ಲಿ ಕೃತಜ್ಞತೆಯ ಉಪದೇಶ ಸುಲಭವಲ್ಲ. ಇಲ್ಲಿಯ ಗೇರು ತೋಟಗಳ ಮೇಲೆ ಎರಡು ದಶಕಗಳಿಗೂ ಹೆಚ್ಚು ಕಾಲ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಲಾಯಿತು. ಎಣ್ಮಕಜೆಯ ಪಡ್ರೆಯಂತಹ ಊರುಗಳಲ್ಲಿ, ಹಾಸಿಗೆಯಿಂದ ಏಳಲಾಗದ ಮಕ್ಕಳನ್ನು ವರ್ಷಗಟ್ಟಲೆ ಸಾಕಿದ ತಾಯಂದಿರಿದ್ದಾರೆ. ಅವರಿಗೆ ‘ಸ್ತೋತ್ರ ಹೇಳಿ’ ಎನ್ನುವ ಹಕ್ಕು ಯಾರಿಗಿದೆ? ಸಂತ ಪೌಲನು ಥೆಸಲೋನಿಕದ ಕ್ರೈಸ್ತರಿಗೆ ಬರೆದ ಮೊದಲ ಪತ್ರದಲ್ಲಿ ಎಲ್ಲ ಸ್ಥಿತಿಗಳಲ್ಲಿಯೂ ಕೃತಜ್ಞರಾಗಿರಲು ಕೋರುತ್ತಾನೆ. ಕೇಡನ್ನು ಒಳಿತೆಂದು ಕರೆಯಲು ಹೇಳುವುದಿಲ್ಲ. 22ನೆಯ ಕೀರ್ತನೆಯಂತೂ ದೇವರು ಕೈಬಿಟ್ಟನೆಂಬ ಗೋಳಿನಿಂದಲೇ ತೊಡಗಿ ಸ್ತುತಿಗೆ ತಲುಪುತ್ತದೆ. ಗೋಳನ್ನು ಅಳಿಸಿದರೆ ಆ ಸ್ತುತಿಯೂ ಉಳಿಯದು.

2017ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿಗಳನ್ನು ಮೂರು ತಿಂಗಳೊಳಗೆ ಕೊಡಬೇಕೆಂದು ಕೇರಳ ಸರಕಾರಕ್ಕೆ ಆದೇಶಿಸಿತು. ಸಲ್ಲಬೇಕಾದ ಪರಿಹಾರಕ್ಕಾಗಿ ಕಚೇರಿಯ ಮೆಟ್ಟಿಲೇರುವ ತಾಯಿ ಕೃತಘ್ನಳಲ್ಲ. ರಾತ್ರಿ ಮಗುವಿಗೆ ನಿದ್ದೆ ಹತ್ತಿದಾಗ ಆಕೆ ದೇವರನ್ನು ನೆನೆಯುವುದೂ, ಬೆಳಗ್ಗೆ ನ್ಯಾಯ ಕೇಳಲು ಹೊರಡುವುದೂ ಒಂದೇ ವಿಶ್ವಾಸದಿಂದ.

ಹಬ್ಬದಂದು ಅಂತಹ ಮನೆಗೆ ಪಾಯಸದ ಪಾಲನ್ನು ಒಯ್ಯುವ ನೆರೆಯವನು ಬಾಗಿಲಲ್ಲೇ ಕೊಟ್ಟು ಮರಳದಿರಲಿ. ಮಲಯಾಳದ ಅರ್ಜಿಯನ್ನು ಆ ತಾಯಿಗೆ ಕನ್ನಡದಲ್ಲಿ ಓದಿ ಹೇಳಿ, ತುಂಬಿಸಿಕೊಡಲು ಒಂದು ಗಂಟೆ ಅಲ್ಲಿ ಕುಳಿತುಕೊಳ್ಳಲಿ. ತನಗೆ ದೊರೆತದ್ದನ್ನು ನೆನೆದು ಹಿಂದಿರುಗುವವನಿಗೆ ದೇವರ ಬಳಿಗೆ ಅದೂ ಒಂದು ದಾರಿ.