ನ್ಯೂಟ್ರಿಷನ್ ಓದಿದ ಮಗಳಿಗೆ ಮುಂದೇನು?

ಕಳೆದ ತಿಂಗಳು ಜುಮಾ ನಮಾಝ್ ಮುಗಿದು ಜನ ಚದುರಿದ ಮೇಲೆ ನಮ್ಮ ಜಮಾಅತಿನ ಒಬ್ಬ ತಂದೆ ಬಂದು ಬಳಿಯಲ್ಲಿ ಕುಳಿತರು. "ಉಸ್ತಾದರೇ, ಮಗಳ ಬಿ.ಎಸ್ಸಿ. ಮುಗಿಯಿತು. ನ್ಯೂಟ್ರಿಷನ್ ಓದಿದ್ದಾಳೆ. ಇನ್ನು ಎಂ.ಎಸ್ಸಿ. ಬೇಕು, ಆಮೇಲೆ ಆರು ತಿಂಗಳು ಬೆಂಗಳೂರಿನ ಆಸ್ಪತ್ರೆಯಲ್ಲಿ ಇಂಟರ್ನ್‌ಶಿಪ್ ಬೇಕು ಅನ್ನುತ್ತಾಳೆ. ಅಡುಗೆ ವಿಷಯಕ್ಕೆ ಇಷ್ಟೆಲ್ಲ ಬೇಕಾ? ಮನೆಯಲ್ಲೇ ಕೂತು ಮಾಡುವ ಕೋರ್ಸ್ ಇದೆಯಂತಲ್ಲ?"

ನಿಜ ಹೇಳುತ್ತೇನೆ, ಆ ಕ್ಷಣಕ್ಕೆ ನನಗೂ ಉತ್ತರ ಗೊತ್ತಿರಲಿಲ್ಲ. ಒಂದು ವಾರ ಕಾಲಾವಕಾಶ ಕೇಳಿದೆ. ಪರಿಚಯದ ಒಬ್ಬ ಡಯಟೀಷಿಯನ್ ಸಹೋದರಿಯ ಬಳಿ ವಿಚಾರಿಸಿದೆ, ಸಿಕ್ಕಿದ್ದನ್ನು ಓದಿದೆ. ಇದೇ ಪ್ರಶ್ನೆ ಬೇರೆ ಮನೆಗಳಲ್ಲೂ ಇರಬಹುದೆಂದು ತಿಳಿದುಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲನೆಯದಾಗಿ, ಇದು ಅಡುಗೆಯ ವಿಷಯವಲ್ಲ. ಮೂತ್ರಪಿಂಡ ಕೆಟ್ಟು ಡಯಾಲಿಸಿಸ್‌ನಲ್ಲಿರುವವರನ್ನು ನೋಡಲು ಹೋಗುವಾಗ ನಾವು ಪ್ರೀತಿಯಿಂದ ಎಳನೀರು ಕೊಂಡೊಯ್ಯುತ್ತೇವೆ. ಎಳನೀರಿನಲ್ಲಿ ಪೊಟ್ಯಾಸಿಯಂ ಹೆಚ್ಚು. ಕೆಟ್ಟ ಮೂತ್ರಪಿಂಡ ಅದನ್ನು ಹೊರಹಾಕಲಾರದು, ರಕ್ತದಲ್ಲಿ ಅದು ಏರಿದರೆ ಹೃದಯದ ಬಡಿತವೇ ತಪ್ಪಬಹುದು. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ತೆಗೆದುಕೊಳ್ಳುವವರು ಯಾರದೋ ಮಾತು ಕೇಳಿ ಒಮ್ಮೆಲೇ ಅನ್ನ ಬಿಟ್ಟರೆ, ಔಷಧದ ಪ್ರಮಾಣ ಹಾಗೇ ಉಳಿದು ಸಕ್ಕರೆ ಅಪಾಯದ ಮಟ್ಟಕ್ಕೆ ಇಳಿಯುತ್ತದೆ. ಇಂಥದ್ದನ್ನು ಪುಸ್ತಕದಲ್ಲಿ ಓದಿದರೆ ಸಾಲದು. ವಾರ್ಡಿನಲ್ಲಿ ರೋಗಿಯ ಹಾಸಿಗೆಯ ಪಕ್ಕ ನಿಂತು, ರಕ್ತಪರೀಕ್ಷೆಯ ವರದಿ ಕೈಯಲ್ಲಿ ಹಿಡಿದು ಕಲಿಯಬೇಕು. ಇಂಟರ್ನ್‌ಶಿಪ್ ಇರುವುದು ಅದಕ್ಕೇ.

ಮನೆಯಲ್ಲೇ ಕೂತು ಮಾಡುವ ಕೋರ್ಸಿನ ಬಗ್ಗೆ ಪೋಷಕರು ಗಮನಿಸಲೇಬೇಕಾದ ಒಂದು ಸಂಗತಿ ಇದೆ. 2021ರಲ್ಲಿ ಬಂದ ಅಲೈಡ್ ಮತ್ತು ಆರೋಗ್ಯ ವೃತ್ತಿಗಳ ರಾಷ್ಟ್ರೀಯ ಆಯೋಗದ ಕಾಯ್ದೆಯು ಡಯಟೀಷಿಯನ್ ಮತ್ತು ನ್ಯೂಟ್ರಿಷನಿಸ್ಟ್‌ಗಳನ್ನು ಆರೋಗ್ಯ ವೃತ್ತಿಗಳ ಪಟ್ಟಿಗೆ ಸೇರಿಸಿತು. ಅದರಂತೆ ಯುಜಿಸಿ 2025ರ ಜುಲೈ-ಆಗಸ್ಟ್ ಪ್ರವೇಶದಿಂದ ಆಹಾರ ಮತ್ತು ಪೋಷಣಾ ವಿಜ್ಞಾನ, ಕ್ಲಿನಿಕಲ್ ನ್ಯೂಟ್ರಿಷನ್ ಮೊದಲಾದ ಪದವಿಗಳನ್ನು ದೂರಶಿಕ್ಷಣ ಮತ್ತು ಆನ್‌ಲೈನ್ ಮೂಲಕ ಕೊಡುವುದನ್ನು ನಿಲ್ಲಿಸಲು ವಿಶ್ವವಿದ್ಯಾಲಯಗಳಿಗೆ ಸೂಚಿಸಿದೆ. ಆದ್ದರಿಂದ ಈಗಲೂ ಯಾರಾದರೂ "ಕಾಲೇಜಿಗೆ ಬರುವುದೇ ಬೇಡ, ಫೀಸು ಕಟ್ಟಿದರೆ ಸಾಕು" ಎಂದರೆ, ಕಟ್ಟುವ ಮುಂಚೆ ಮಾನ್ಯತೆಯ ಕಾಗದ ಕೇಳಿ ನೋಡಿ. ಮೂರು ತಿಂಗಳ 'ಡಯಟ್ ಕೋಚ್' ಸರ್ಟಿಫಿಕೇಟು ಗೋಡೆಗೆ ಚಂದ, ಆಸ್ಪತ್ರೆಯ ಕೆಲಸಕ್ಕೆ ಆಗದು.

ಹಾಗಾದರೆ ದಾರಿ ಯಾವುದು? ಬಿ.ಎಸ್ಸಿ. ನಂತರ ಎಂ.ಎಸ್ಸಿ., ಆಸ್ಪತ್ರೆಯಲ್ಲಿ ಆರು ತಿಂಗಳ ತರಬೇತಿ, ಆಮೇಲೆ ಇಂಡಿಯನ್ ಡಯಟಿಟಿಕ್ ಅಸೋಸಿಯೇಷನ್ ನಡೆಸುವ ಪರೀಕ್ಷೆ. ಅದರಲ್ಲಿ ತೇರ್ಗಡೆಯಾದರೆ ಹೆಸರಿನ ಮುಂದೆ ಆರ್.ಡಿ., ಅಂದರೆ ರಿಜಿಸ್ಟರ್ಡ್ ಡಯಟೀಷಿಯನ್ ಎಂದು ಹಾಕಿಕೊಳ್ಳಬಹುದು. ಮೈಸೂರಿನ ಮಾನಸಗಂಗೋತ್ರಿಯಲ್ಲಿ ಆಹಾರ ವಿಜ್ಞಾನ ಮತ್ತು ಪೋಷಣೆಯ ಅಧ್ಯಯನ ವಿಭಾಗವಿದೆ. ಮಹಿಳೆಯರ ಕ್ಯಾಂಪಸ್ಸೇ ಬೇಕೆನ್ನುವವರಿಗೆ ವಿಜಯಪುರದಲ್ಲಿ ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯವಿದೆ. ಸಂಶೋಧನೆಯತ್ತ ಮನಸ್ಸಿದ್ದರೆ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯಲ್ಲೂ ಎಂ.ಎಸ್ಸಿ. ಇದೆ.

ಕೆಲಸ ಸಿಗುತ್ತದೆಯೇ ಎಂಬ ಪ್ರಶ್ನೆಗೆ ನಮ್ಮ ಮನೆಗಳೇ ಉತ್ತರ. 2023ರಲ್ಲಿ ಪ್ರಕಟವಾದ ಐಸಿಎಂಆರ್ ಅಧ್ಯಯನದ ಅಂದಾಜಿನಂತೆ ದೇಶದಲ್ಲಿ 10 ಕೋಟಿಗೂ ಹೆಚ್ಚು ಮಂದಿಗೆ ಸಕ್ಕರೆ ಕಾಯಿಲೆ ಇದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ 15ರಿಂದ 49 ವಯಸ್ಸಿನ ಮಹಿಳೆಯರಲ್ಲಿ 57 ಶೇಕಡಾ ಮಂದಿಗೆ ರಕ್ತಹೀನತೆ. ದೊಡ್ಡ ಆಸ್ಪತ್ರೆ, ಡಯಾಲಿಸಿಸ್ ಕೇಂದ್ರಗಳ ಜೊತೆಗೆ ಸರಕಾರದ ಪೌಷ್ಟಿಕ ಪುನಶ್ಚೇತನ ಕೇಂದ್ರಗಳಲ್ಲೂ ಈ ಓದಿನವರಿಗೆ ಕೆಲಸವಿದೆ. ತೀವ್ರ ಅಪೌಷ್ಟಿಕತೆಯ ಮಕ್ಕಳನ್ನು ತಾಯಿಯೊಂದಿಗೆ ಇರಿಸಿಕೊಂಡು ತೂಕ ಏರಿಸುವ ಜಾಗಗಳವು. ಪೊಟ್ಟಣದ ತಿಂಡಿ ತಯಾರಿಸುವವರಿಗೂ ಇಂಥವರು ಬೇಕು. ಶಕ್ತಿ, ಪ್ರೋಟೀನ್, ಸಕ್ಕರೆ, ಕೊಬ್ಬು, ಸೋಡಿಯಂ ಎಷ್ಟೆಂದು ಲೇಬಲ್ಲಿನಲ್ಲಿ ಬರೆಯುವುದು ಕಡ್ಡಾಯವಲ್ಲವೇ, ಆ ಲೆಕ್ಕ ಯಾರಾದರೂ ಮಾಡಬೇಕು. ಗಲ್ಫಿಗೆ ಹೋಗುವ ಆಲೋಚನೆ ಇದ್ದರೆ ಅಲ್ಲಿ ಲೈಸೆನ್ಸ್ ಬೇಕು. ಪದವಿಪತ್ರದ ಮೂಲ ಪರಿಶೀಲನೆ, ಅನುಭವದ ದಾಖಲೆ, ಪರೀಕ್ಷೆ ಎಲ್ಲವೂ ಇವೆ. ಆದರೆ ಎಲ್ಲೇ ಆಗಲಿ, ಆರಂಭದ ಸಂಬಳ ದೊಡ್ಡದಲ್ಲ ಎಂದು ಆ ಸಹೋದರಿ ಮುಚ್ಚಿಡದೆ ಹೇಳಿದರು. ಮೊದಲ ಎರಡು ವರ್ಷ ಸಹನೆ ಬೇಕು.

ನನ್ನ ಮನಸ್ಸಿನಲ್ಲಿ ಉಳಿದದ್ದು ಅವರು ಹೇಳಿದ ಇನ್ನೊಂದು ಮಾತು. ಹೊಸದರಲ್ಲಿ ಅವರು ಒಬ್ಬ ಅಜ್ಜಿಗೆ ಓಟ್ಸ್, ಬ್ರೊಕೊಲಿ ಎಂದೆಲ್ಲ ಅಂದವಾಗಿ ಬರೆದ ಚಾರ್ಟ್ ಕೊಟ್ಟರಂತೆ. ಅಜ್ಜಿ ಅದನ್ನು ಮಡಚಿ ಕಪಾಟಿನಲ್ಲಿಟ್ಟು ಎಂದಿನಂತೆ ಕುಚ್ಚಲಕ್ಕಿ ಗಂಜಿ ಉಂಡರು. ಮುಂದಿನ ಬಾರಿ ಇವರು ಬೇರೆ ರೀತಿಯಲ್ಲಿ ಕೇಳಿದರು. ನಿನ್ನೆ ಬೆಳಗ್ಗೆಯಿಂದ ರಾತ್ರಿಯವರೆಗೆ ಏನೇನು ತಿಂದಿರಿ? ಅಜ್ಜಿ "ಸ್ವಲ್ಪ ಅನ್ನ" ಎಂದರು. ಇವರು ಬಟ್ಟಲು ಮುಂದಿಟ್ಟು, ಇದರಲ್ಲಿ ಎಷ್ಟು ಎಂದರು. ಮೂರು ಬಟ್ಟಲು! ಪತ್ತಿರಿ ಬೇರೆ, ಅದರ ಲೆಕ್ಕ ಅಜ್ಜಿಗೆ ತಿಂಡಿಯಲ್ಲಿ. ಗಂಜಿ ಬಿಡಿ ಎನ್ನಲಿಲ್ಲ. ಒಂದು ಬಟ್ಟಲು ಕಡಿಮೆ ಮಾಡಿ, ಬದಲಿಗೆ ಹೆಸರುಕಾಳು, ಬಸಳೆ, ಮೀನು ಸೇರಿಸಲು ಹೇಳಿದರು. ಅದು ನಡೆಯಿತು.

ಇಲ್ಲಿ ನಮ್ಮ ಮಕ್ಕಳಿಗೆ ಒಂದು ಅನುಕೂಲವಿದೆ ಎಂದು ನನಗನ್ನಿಸುತ್ತದೆ. ಕನ್ನಡ, ಬ್ಯಾರಿ, ಉರ್ದು, ತುಳು ಎಲ್ಲವೂ ನಾಲಿಗೆಯ ಮೇಲಿವೆ. ತುಪ್ಪದನ್ನದಲ್ಲಿ ಎಷ್ಟು ತುಪ್ಪ, ಇಫ್ತಾರಿನಲ್ಲಿ ಎಷ್ಟು ಸಮೋಸ ಎಂದು ಅವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಸಕ್ಕರೆ ಕಾಯಿಲೆಯವರು ರಮಝಾನಿಗೆ ಒಂದೆರಡು ತಿಂಗಳು ಮುಂಚೆಯೇ ವೈದ್ಯರನ್ನು ಕಂಡು, ಉಪವಾಸ ಹಿಡಿಯಬಹುದೇ, ಔಷಧದ ಹೊತ್ತು ಹೇಗೆ ಬದಲಿಸಬೇಕು ಎಂದು ಕೇಳಬೇಕು. ಸಹರಿ ಮತ್ತು ಇಫ್ತಾರಿನ ತಟ್ಟೆಯನ್ನು ಅದಕ್ಕೆ ಹೊಂದಿಸಿ ಕೊಡುವ ಕೆಲಸ ಡಯಟೀಷಿಯನ್‌ನದು. ಹೆಂಗಸರು ಹೆಂಗಸರ ಬಳಿಯೇ ಮನಬಿಚ್ಚಿ ಹೇಳುವ ಊರು ನಮ್ಮದು. ಅಂಥವರು ನಮ್ಮ ಮಹಲ್ಲಿನಲ್ಲಿ ಈಗ ಒಬ್ಬರೂ ಇಲ್ಲ.

ಮುಂದಿನ ಶುಕ್ರವಾರ ಆ ತಂದೆಗೆ ಇದನ್ನೆಲ್ಲ ಹೇಳಿದೆ. ಅವರು ಸುಮ್ಮನೆ ಕೇಳಿಸಿಕೊಂಡರು. ಎದ್ದು ಹೋಗುವಾಗ, "ಬೆಂಗಳೂರಿನಲ್ಲಿ ಹುಡುಗಿಯರಿಗೆ ಒಳ್ಳೆಯ ಹಾಸ್ಟೆಲ್ ಎಲ್ಲಿದೆ ಉಸ್ತಾದರೇ?" ಎಂದು ಕೇಳಿದರು. ವಿಚಾರಿಸುತ್ತಿದ್ದೇನೆ.