ಬೆಪ್ಪು ಎಂಬ ಬಿಸಿನೀರಿನ ಊರು

ಜಪಾನಿನಲ್ಲಿ ಬೆಪ್ಪು ಎಂಬ ಹೆಸರಿನ ಒಂದು ಊರಿದೆ ಎಂದರೆ ಕನ್ನಡಿಗರಿಗೆ ನಗು ಬರುವುದು ಸಹಜ. ನನ್ನ ತರಗತಿಯಲ್ಲಿ ಈ ಹೆಸರನ್ನು ಹೇಳಿದಾಗ ಹಿಂದಿನ ಬೆಂಚಿನಲ್ಲಿ ಹುಟ್ಟಿದ ನಗೆ ಮುಂದಿನ ಬೆಂಚಿನವರೆಗೂ ಹರಿದು ಬಂತು. ಆದರೆ ಆ ಊರಿನಲ್ಲಿ ಬೆಪ್ಪಾದವನು ನಾನೇ ಹೊರತು ಅಲ್ಲಿಯ ಜನರಲ್ಲ. ಆ ಸಂಗತಿಯನ್ನು ಅದರ ಸ್ಥಾನದಲ್ಲಿ ಹೇಳುತ್ತೇನೆ. ಮೊದಲು ಊರಿನ ಪರಿಚಯ ಮಾಡಿಕೊಡುವುದು ಕ್ರಮ.

ಜಪಾನಿನ ನಾಲ್ಕು ಮುಖ್ಯ ದ್ವೀಪಗಳಲ್ಲಿ ನೈರುತ್ಯ ದಿಕ್ಕಿನಲ್ಲಿರುವುದು ಕ್ಯೂಷು. ಅದರ ಈಶಾನ್ಯ ಕರಾವಳಿಯಲ್ಲಿ, ಓಯಿಟ ಪ್ರಾಂತದಲ್ಲಿ, ಬೆಪ್ಪು ಇದೆ. ಜನಸಂಖ್ಯೆ ಒಂದು ಲಕ್ಷಕ್ಕೆ ಸ್ವಲ್ಪ ಮೇಲೆ. ಎದುರಿಗೆ ಕೊಲ್ಲಿಯ ನೀಲಿ ನೀರು. ಬೆನ್ನಿಗೆ ಸುಮಾರು 1,375 ಮೀಟರು ಎತ್ತರದ ತ್ಸುರುಮಿ ಪರ್ವತ. ಬೆಟ್ಟದ ಬುಡದಿಂದ ಕಡಲ ಅಂಚಿನವರೆಗೆ ಬೀಸಣಿಗೆಯಂತೆ ಹರಡಿಕೊಂಡ ಇಳಿಜಾರಿನ ಮೇಲೆ ಊರು ಕುಳಿತಿದೆ.

ನಮ್ಮ ಮಗಳು ಮತ್ತು ಅಳಿಯ ಕ್ಯೂಷುವಿನ ಫುಕುಒಕ ನಗರದಲ್ಲಿರುವುದರಿಂದ ನನಗೂ ನನ್ನ ಪತ್ನಿಗೂ ಈ ಊರನ್ನು ನೋಡುವ ಯೋಗ ಒದಗಿತು. ಅಲ್ಲಿಯ ಹಕಾತ ನಿಲ್ದಾಣದಿಂದ ರೈಲಿನಲ್ಲಿ ಸುಮಾರು ಎರಡು ಗಂಟೆಯ ಪ್ರಯಾಣ. ನಡುವೆ ಕೊಕುರ ಎಂಬ ನಿಲ್ದಾಣದಲ್ಲಿ ರೈಲು ಬಂದ ದಿಕ್ಕಿಗೇ ತಿರುಗಿ ಹೊರಡುತ್ತದೆ. ಆಗ ನಮ್ಮ ಡಬ್ಬಿಯಲ್ಲಿದ್ದವರೆಲ್ಲ ಎದ್ದು, ತಮ್ಮ ತಮ್ಮ ಆಸನಗಳನ್ನು ಮುಂದಿನ ದಿಕ್ಕಿಗೆ ತಿರುಗಿಸಿಕೊಂಡು, ಮತ್ತೆ ಕುಳಿತರು. ಯಾರೂ ಯಾರಿಗೂ ಹೇಳಲಿಲ್ಲ. ಅದನ್ನು ನೋಡಿದಾಗ ನನಗೆ ಬರಿಯ ಸೋಜಿಗವಾಯಿತು. ಅದರ ಅರ್ಥ ತಿಳಿದದ್ದು ಬೆಪ್ಪುವಿನ ಸ್ನಾನದ ಮನೆಯಲ್ಲಿ.

ಊರು ಸಮೀಪಿಸುತ್ತಿದ್ದಂತೆ ಬೆಟ್ಟದ ಕಡೆಯ ಮನೆಗಳ ನಡುನಡುವೆ ಬಿಳಿಯ ಹೊಗೆಯಂಥದು ಕಾಣಿಸಿತು. ಎಲ್ಲಿಯೋ ಬೆಂಕಿ ಬಿದ್ದಿರಬೇಕೆಂದು ನನ್ನ ಪತ್ನಿ ಗಾಬರಿಪಟ್ಟಳು. ಅದು ಹೊಗೆಯಲ್ಲ, ನೆಲದಿಂದ ಏಳುವ ಆವಿ. ಬೆಪ್ಪುವಿನಲ್ಲಿ ಬಿಸಿನೀರಿನ ಬುಗ್ಗೆಗಳೂ ಕೊರೆದ ಬಾವಿಗಳೂ ಸೇರಿ ಎರಡು ಸಾವಿರಕ್ಕೂ ಮೇಲ್ಪಟ್ಟು ಇವೆ. ಇಡೀ ಜಪಾನಿನಲ್ಲಿ ಇಂಥವು ಸುಮಾರು 27,000 ಇರುವುದಾಗಿ ಲೆಕ್ಕ. ಹನ್ನೆರಡು ಹದಿಮೂರರಲ್ಲಿ ಒಂದು ಪಾಲು ಈ ಒಂದೇ ಊರಿಗೆ ಸೇರಿತೆಂದಾಯಿತು.

ಇಷ್ಟು ಬಿಸಿನೀರು ಎಲ್ಲಿಂದ ಬರುತ್ತದೆ? ತ್ಸುರುಮಿ ಒಂದು ಜ್ವಾಲಾಮುಖಿ. ಕ್ರಿ.ಶ. 867ರಲ್ಲಿ ಅದು ಸಿಡಿದದ್ದು ದಾಖಲೆಯಾಗಿದೆ. ಬೆಟ್ಟದ ಮೇಲೆ ಬಿದ್ದ ಮಳೆ ನೆಲಕ್ಕಿಳಿದು, ಆಳದ ಬಂಡೆಗಳ ಕಾವಿನಿಂದ ಇನ್ನೂರು ಡಿಗ್ರಿಗೂ ಮೀರಿ ಕಾಯುತ್ತದೆ. ಮೇಲಿನ ಒತ್ತಡದಿಂದಾಗಿ ಅಲ್ಲಿ ಅದು ಕುದಿಯಲಾರದು. ನೆಲದ ಬಿರುಕುಗಳನ್ನು ಹಿಡಿದು ಮೇಲಕ್ಕೆ ಬರುತ್ತಿದ್ದಂತೆ ಒತ್ತಡ ತಗ್ಗಿ, ಒಂದು ಭಾಗ ಆವಿಯಾಗುತ್ತದೆ. ಉಳಿದದ್ದು ಇಳಿಜಾರಿನ ಒಳಗೇ ಹರಿದು, ತಣ್ಣನೆಯ ಅಂತರ್ಜಲದೊಡನೆ ಬೆರೆತು, ಕಡಲ ಕಡೆಗೆ ಸಾಗುತ್ತದೆ. ಹೀಗಾಗಿ ಬೆಟ್ಟದ ಬುಡದಲ್ಲಿ ಆವಿ ಮತ್ತು ಕುದಿನೀರು; ಕಡಲ ತೀರದಲ್ಲಿ ಸ್ನಾನಕ್ಕೆ ಹದವಾದ ಬಿಸಿನೀರು. ಇಂದು ಬಿದ್ದ ಮಳೆ ತೊಟ್ಟಿಗೆ ಬರಬೇಕಾದರೆ ದಶಕಗಳೇ ಹಿಡಿಯುತ್ತವೆ. ಅಲ್ಲಿಯವರು ಮೀಯುತ್ತಿರುವುದು ಅವರ ತಂದೆ ತಾತಂದಿರ ಕಾಲದ ಮಳೆಯಲ್ಲಿ.

ಈ ನೀರಿನ ಚರಿತ್ರೆಯೂ ಹಳೆಯದೇ. ಎಂಟನೆಯ ಶತಮಾನದಲ್ಲಿ ಆ ನಾಡನ್ನು ವರ್ಣಿಸಿ ಬರೆದ ಗ್ರಂಥದಲ್ಲಿ ಇಲ್ಲಿಯ ಕೆಂಪು ಬುಗ್ಗೆಯ ಪ್ರಸ್ತಾಪವಿದೆ. ಬಹುಕಾಲ ಇದು ಬೆಸ್ತರೂ ರೈತರೂ ಮೈನೋವು ಕಳೆದುಕೊಳ್ಳುವ ಹಳ್ಳಿಯಾಗಿತ್ತು. 1871ರಲ್ಲಿ ಬಂದರು, 1911ರಲ್ಲಿ ರೈಲು ಬಂದ ಮೇಲೆ ದೂರದ ಜನ ಬರತೊಡಗಿದರು. ಅದೇ 1911ರಲ್ಲಿ ಅಬುರಾಯ ಕುಮಹಾಚಿ ಎಂಬವರು ಇಲ್ಲಿ ಒಂದು ಪ್ರವಾಸಿಗೃಹವನ್ನು ತೆರೆದರು. ಅಕ್ಕಿಯ ಸಟ್ಟಾ ವ್ಯಾಪಾರದಲ್ಲಿ ಗಳಿಸಿದ್ದನ್ನೆಲ್ಲ ಕಳೆದುಕೊಂಡು, ಅಮೆರಿಕಕ್ಕೆ ಹೋಗಿ ಹಿಂದಿರುಗಿದ ಮನುಷ್ಯ. 1928ರಲ್ಲಿ ಊರು ತೋರಿಸುವ ಬಸ್ಸುಗಳನ್ನು ಹೂಡಿ, ಅವುಗಳಲ್ಲಿ ವಿವರಣೆ ಹೇಳಲು ಹೆಣ್ಣುಮಕ್ಕಳನ್ನು ನೇಮಿಸಿದರು. ಅವರು ಆ ವಿವರಣೆಯನ್ನು ಏಳು-ಐದು ಅಕ್ಷರಗಳ ಗತಿಯಲ್ಲಿ ರಾಗವಾಗಿ ಹೇಳುತ್ತಿದ್ದರಂತೆ. ಛಂದಸ್ಸು ಪಾಠ ಮಾಡುವ ನನಗೆ ಈ ಸಂಗತಿ ತುಂಬ ಹಿಡಿಸಿತು. 1935ರಲ್ಲಿ ತೀರಿಕೊಂಡ ಅವರು ಈಗ ರೈಲು ನಿಲ್ದಾಣದ ಮುಂದೆ ಎರಡೂ ತೋಳೆತ್ತಿ ನಗುವ ಪ್ರತಿಮೆಯಾಗಿ ಬಂದವರನ್ನು ಸ್ವಾಗತಿಸುತ್ತಾರೆ.

ಭಾಷೆಯ ಮಾತನ್ನೂ ಸ್ವಲ್ಪ ಹೇಳಬೇಕು. ಇಂಥ ಬುಗ್ಗೆಗೆ ಅವರ ಹೆಸರು ‘ಒನ್‌ಸೆನ್’, ಅಂದರೆ ಬೆಚ್ಚನೆಯ ಊಟೆ. ಕನ್ನಡದಲ್ಲಿ ನಾವು ತಣ್ಣೀರು, ಬಿಸಿನೀರು ಎನ್ನುತ್ತೇವೆ. ಹಳಗನ್ನಡದವರು ಬೆನ್ನೀರು ಎಂದರು. ಎಲ್ಲವೂ ನೀರೇ, ವಿಶೇಷಣ ಮಾತ್ರ ಬೇರೆ. ಜಪಾನೀಯರಿಗೆ ಹಾಗಲ್ಲ. ತಣ್ಣೀರು ‘ಮಿಜು’, ಬಿಸಿನೀರು ‘ಯು’. ಎರಡಕ್ಕೂ ಸಂಬಂಧವೇ ಇಲ್ಲ, ಹಾಲು ಮಜ್ಜಿಗೆಗಳಂತೆ ಬೇರೆ ಬೇರೆ ಪದಾರ್ಥಗಳು. ಸ್ನಾನದ ಮನೆಯ ಬಾಗಿಲಿಗೆ ಇಳಿಬಿಟ್ಟ ಬಟ್ಟೆಯ ಪರದೆಯ ಮೇಲೆ ಹಲವು ಕಡೆ ‘ಯು’ ಎಂಬ ಒಂದೇ ಅಕ್ಷರವನ್ನು ಬರೆದಿರುತ್ತಾರೆ. ನಾನು ಕಲಿತ ಮೊದಲ ಜಪಾನಿ ಅಕ್ಷರ ಅದು.

ಇನ್ನು ಸ್ನಾನದ ಕ್ರಮ. ಗಂಡಸರಿಗೂ ಹೆಂಗಸರಿಗೂ ಬೇರೆ ಬೇರೆ ಕೋಣೆ. ಒಳಗೆ ಹೋಗುವವರು ಬಟ್ಟೆಯನ್ನೆಲ್ಲ ಕಳಚಿಡಬೇಕು, ಕೌಪೀನಕ್ಕೂ ಅವಕಾಶವಿಲ್ಲ. ಐವತ್ತು ದಾಟಿದ ಮೇಷ್ಟರಿಗೆ ಇದು ಎಷ್ಟು ಸಂಕೋಚದ ವಿಷಯವೆಂದು ಬೇರೆ ಹೇಳಬೇಕಾಗಿಲ್ಲ. ಆದರೆ ಅಲ್ಲಿ ಯಾರೂ ಯಾರನ್ನೂ ನೋಡುವುದಿಲ್ಲ. ಐದು ನಿಮಿಷ ಕಳೆಯುವುದರೊಳಗೆ ಸಂಕೋಚವೂ ಬಟ್ಟೆಯ ಬುಟ್ಟಿಯಲ್ಲಿಯೇ ಉಳಿಯಿತು.

ಮುಖ್ಯವಾದ ನಿಯಮ ಇದು: ಮೈ ತೊಳೆಯುವುದು ತೊಟ್ಟಿಯ ಹೊರಗೆ, ತೊಟ್ಟಿ ಇರುವುದು ಕಾವಿಗಾಗಿ ಮಾತ್ರ. ಚೊಂಬಿನಷ್ಟು ದೊಡ್ಡ ಪಾತ್ರೆಯಿಂದ ನೀರು ಮೊಗೆದು, ಕೂತು, ಮೈಯೆಲ್ಲ ಸ್ವಚ್ಛವಾಗಿ ತೊಳೆದುಕೊಂಡ ಮೇಲೆ ಮೆಲ್ಲನೆ ನೀರಿಗಿಳಿಯಬೇಕು. ಸೋಪಿನ ನೊರೆಯ ಒಂದು ಹನಿಯೂ ತೊಟ್ಟಿಗೆ ಬೀಳಕೂಡದು. ಕೈಯಲ್ಲಿರುವ ಚಿಕ್ಕ ವಸ್ತ್ರವನ್ನು ನೀರಿನಲ್ಲಿ ಅದ್ದಕೂಡದು. ಅನೇಕರು ಅದನ್ನು ಮಡಿಚಿ ತಲೆಯ ಮೇಲಿಟ್ಟುಕೊಳ್ಳುತ್ತಾರೆ. ಉದ್ದ ಕೂದಲಿದ್ದವರು ಮೇಲಕ್ಕೆ ಕಟ್ಟಿಕೊಳ್ಳಬೇಕು. ಮಡಿ ಮಡಿ ಎಂದು ನಾವು ಹೇಳಿಕೊಳ್ಳುವುದು ಸಾಮಾನ್ಯವಾಗಿ ನಮ್ಮ ಮೈಯ ವಿಷಯ. ಅಲ್ಲಿ ಮಡಿ ಕಾಯುವುದು ನೀರಿನದು. ನಮ್ಮ ನಂತರ ಇಳಿಯುವವನಿಗೆ ಅದು ಚೊಕ್ಕಟವಾಗಿರಬೇಕೆಂಬ ಕಾರಣಕ್ಕೆ.

ನಾನು ಬೆಪ್ಪಾದದ್ದು ಇಲ್ಲಿಯೇ. ಎರಡನೆಯ ದಿನ ಬೆಳಗ್ಗೆ ಅಳಿಯನ ಜೊತೆಗೆ ಒಂದು ಕೇರಿಯ ಸಣ್ಣ ಸ್ನಾನದ ಮನೆಗೆ ಹೋದೆ. ಒಳಗೆ ನಾಲ್ಕೈದು ಮಂದಿ ಮುದುಕರು. ನಿಯಮದಂತೆ ಎಲ್ಲವನ್ನೂ ಮಾಡಿ ತೊಟ್ಟಿಗೆ ಕಾಲಿಟ್ಟರೆ ಬೆಂಕಿಯಂಥ ಬಿಸಿ. ಬೆಪ್ಪುವಿನ ಹಳೆಯ ಸ್ನಾನದ ಮನೆಗಳಲ್ಲಿ ನೀರು 42, 43 ಡಿಗ್ರಿ ಇರುವುದು ಸಾಮಾನ್ಯ. ಪಕ್ಕದಲ್ಲಿಯೇ ತಣ್ಣೀರಿನ ನಲ್ಲಿ ಕಂಡಿತು. ಮನೆಯ ಹಂಡೆಯ ನೀರಿಗೆ ತಣ್ಣೀರು ಬೆರೆಸುವ ಅಭ್ಯಾಸದವನು, ನಲ್ಲಿಯನ್ನು ಪೂರ್ತಿ ತಿರುಗಿಸಿಬಿಟ್ಟೆ. ಮಾತೆಲ್ಲ ನಿಂತುಹೋಯಿತು. ಯಾರೂ ಗದರಲಿಲ್ಲ. ಎದುರಿಗಿದ್ದ ಹಿರಿಯರೊಬ್ಬರು ನನ್ನತ್ತ ತಲೆಬಾಗಿಸಿ, ಎದ್ದು ಬಂದು, ನಲ್ಲಿಯನ್ನು ಮುಕ್ಕಾಲು ಭಾಗ ಮುಚ್ಚಿದರು.

ಅಳಿಯ ಮೆಲ್ಲನೆ ಹೇಳಿದ: “ಮಾವ, ಜೊತೆಯಲ್ಲಿರುವವರನ್ನು ಕೇಳದೆ ತಣ್ಣೀರು ಬಿಡಬಾರದು. ಈ ಬಿಸಿ ಎಲ್ಲರದೂ. ಇದಕ್ಕಾಗಿಯೇ ಅವರು ದಿನಾ ಬರುತ್ತಾರೆ.”

ನನಗೆ ನಾಚಿಕೆಯಾಯಿತು. ಮೂವತ್ತು ವರ್ಷ ಮಕ್ಕಳಿಗೆ ವಿನಯದ ಪಾಠ ಹೇಳಿದವನಿಗೆ ಒಂದು ನಲ್ಲಿಯ ಪಾಠ ಬೇಕಾಯಿತು.

ಆ ಸ್ನಾನದ ಮನೆಯ ವ್ಯವಸ್ಥೆಯನ್ನು ಅಮೇಲೆ ಕೇಳಿ ತಿಳಿದುಕೊಂಡೆ. ಬೆಪ್ಪುವಿನಲ್ಲಿ ನಗರಸಭೆಯ ಸ್ನಾನಗೃಹಗಳಲ್ಲದೆ ಕೇರಿಯವರೇ ಸಂಘ ಕಟ್ಟಿಕೊಂಡು ನಡೆಸುವಂಥವು ಬಹಳ ಇವೆ. ಸದಸ್ಯರು ತಿಂಗಳಿಗಿಷ್ಟು ಎಂದು ವಂತಿಗೆ ಕೊಡುತ್ತಾರೆ; ತೊಟ್ಟಿ ತಿಕ್ಕಿ ತೊಳೆಯುವ ಕೆಲಸವನ್ನು ಹಂಚಿಕೊಳ್ಳುತ್ತಾರೆ. ಎಷ್ಟೋ ಕಡೆ ಕೆಳಗೆ ಸ್ನಾನ, ಮೇಲಿನ ಅಂತಸ್ತಿನಲ್ಲಿ ಕೇರಿಯ ಸಭಾಗೃಹ. ಒಂದು ದಿನ ಬಾರದವರು ಏಕೆ ಬರಲಿಲ್ಲವೆಂದು ಉಳಿದವರು ವಿಚಾರಿಸುತ್ತಾರೆ. ಆದರೆ ಈಗ ಜಪಾನಿನಲ್ಲಿ ವಯಸ್ಸಾದವರು ಹೆಚ್ಚು, ಎಳೆಯರು ಕಡಿಮೆ. ಮನೆಮನೆಯಲ್ಲಿಯೂ ಸ್ನಾನದ ಅನುಕೂಲವಿದೆ. ತಿಕ್ಕುವ ಕೈಗಳು ಸಾಲದೆ, ಕಟ್ಟಡದ ರಿಪೇರಿಗೆ ಹಣ ಸಾಲದೆ ಇಂಥ ಸ್ನಾನದ ಮನೆಗಳು ಕೆಲವು ಮುಚ್ಚಿಹೋಗಿವೆ. ನೆಲದ ಬಿಸಿ ಇದ್ದಲ್ಲಿಯೇ ಇದ್ದರೂ ತೊಟ್ಟಿ ಬರಿದಾಗಬಹುದು.

ನೀರಿಗೂ ಮಿತಿಯುಂಟು. ಬಿದಿರಿನ ಸಲಾಕೆಯಿಂದ ಆಳಕ್ಕೆ ಕೊರೆಯುವ ‘ಕಜುಸ’ ಪದ್ಧತಿ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಇಲ್ಲಿಗೆ ಬಂದ ಮೇಲೆ ಬಾವಿಗಳು ಬೇಗ ಬೇಗ ಹೆಚ್ಚಿದವು. ಎಲ್ಲರೂ ಒಂದೇ ಪಾತ್ರೆಯಿಂದ ಮೊಗೆಯುವವರು. ಒಬ್ಬ ಹೆಚ್ಚು ಎಳೆದರೆ ಇನ್ನೊಬ್ಬನಿಗೆ ಕಡಿಮೆ. ಜಪಾನು ಸರ್ಕಾರ 1948ರಲ್ಲಿ ಒನ್‌ಸೆನ್‌ಗಳಿಗಾಗಿಯೇ ಒಂದು ಕಾನೂನನ್ನು ಮಾಡಿತು. ಹೊರಬರುವಾಗ 25 ಡಿಗ್ರಿಗೆ ಕಡಿಮೆಯಿಲ್ಲದ, ಇಲ್ಲವೆ ಗೊತ್ತುಪಡಿಸಿದ ಖನಿಜಾಂಶಗಳುಳ್ಳ ನೀರಿಗೆ ಮಾತ್ರ ಆ ಹೆಸರು ಸಲ್ಲುತ್ತದೆ. ಅಪ್ಪಣೆಯಿಲ್ಲದೆ ಬಾವಿ ಕೊರೆಯುವಂತಿಲ್ಲ. ಬೆಪ್ಪುವಿನ ಕೆಲವು ಭಾಗಗಳಲ್ಲಂತೂ ಹೊಸ ಬಾವಿಗೆ ಅವಕಾಶವೇ ಇಲ್ಲ. ಸ್ನಾನದ ಮನೆಯ ನಲ್ಲಿಯ ನೀತಿ ಊರಿನ ನೆಲದೊಳಕ್ಕೂ ಇಳಿದಿದೆ ಎನ್ನಬಹುದು.

ನೋಡತಕ್ಕ ಸ್ಥಳಗಳನ್ನು ಸಂಗ್ರಹವಾಗಿ ಹೇಳುತ್ತೇನೆ. ಕಡಲಿಗೆ ಹತ್ತಿರದ ಪೇಟೆಯಲ್ಲಿ ತಕೆಗವರ ಎಂಬ ಸ್ನಾನಗೃಹವಿದೆ. 1879ರಲ್ಲಿ ಆರಂಭವಾದದ್ದು, ಈಗಿನ ಮರದ ಕಟ್ಟಡ 1938ರದು. ಮುಂಭಾಗದ ಬಾಗಿದ ಮಾಡನ್ನು ನೋಡಿದರೆ ದೇವಸ್ಥಾನವೇನೋ ಎನ್ನಿಸುತ್ತದೆ. ಅಲ್ಲಿ ಮರಳಿನ ಸ್ನಾನವೂ ಉಂಟು. ಹಿಂದೆ ಸಮುದ್ರದ ಇಳಿತದ ವೇಳೆ ತೀರದ ಬಿಸಿ ಮರಳಿನಲ್ಲಿ ಜನ ಗುಂಡಿ ತೋಡಿ ಮಲಗುತ್ತಿದ್ದರು. ಅದರ ಒಳಾಂಗಣದ ರೂಪ ಇದು. ‘ಯುಕತ’ ಎಂಬ ಹತ್ತಿಯ ನಿಲುವಂಗಿ ತೊಟ್ಟು ಮಲಗಿದರೆ, ಕೆಲಸದ ಹೆಂಗಸರು ಕುತ್ತಿಗೆಯವರೆಗೆ ಬಿಸಿ ಮರಳನ್ನು ಎಳೆದು ಮುಚ್ಚುತ್ತಾರೆ. ಹತ್ತು ಹದಿನೈದು ನಿಮಿಷದಲ್ಲಿ ಮೈಯೆಲ್ಲ ಬೆವರು. ಮರಳಿನ ಭಾರಕ್ಕೆ ನಾಡಿಯ ಮಿಡಿತ ಕಾಲ್ಬೆರಳಿನಲ್ಲಿಯೂ ಗೊತ್ತಾಗುತ್ತದೆ.

ಬೆಟ್ಟದ ಬುಡದ ಕನ್ನವ ಎಂಬ ಭಾಗ ಆವಿಯ ಕೇರಿ. ಅಲ್ಲಿಯ ಆವಿಸ್ನಾನವನ್ನು 1276ರಲ್ಲಿ ಇಪ್ಪೆನ್ ಎಂಬ ಬೌದ್ಧ ಸಂನ್ಯಾಸಿ ಆರಂಭಿಸಿದನೆಂದು ಐತಿಹ್ಯ. ಕಲ್ಲಿನ ಸಣ್ಣ ಕೋಣೆಯೊಳಗೆ ನುಸುಳಿ, ನೆಲದ ಮೇಲೆ ಹಾಸಿದ ಹಸಿರು ಸೊಪ್ಪಿನ ಮೇಲೆ ಎಂಟು ಹತ್ತು ನಿಮಿಷ ಮಲಗಬೇಕು. ಒಳಗಿಂದ ಹೊರಬಂದ ನನ್ನ ಪತ್ನಿ, “ಇದು ನಮ್ಮ ಬಜೆಯ ವಾಸನೆ ಅಲ್ಲವೇನ್ರಿ?” ಎಂದಳು. ಅವಳ ಮೂಗು ತಪ್ಪಲಿಲ್ಲ. ಅವರ ‘ಸೆಕಿಷೊ’ ನಮ್ಮ ಮನೆಗಳಲ್ಲಿ ಕೂಸಿಗೆ ತೇಯ್ದು ನೆಕ್ಕಿಸುವ ಬಜೆಯ ದಾಯಾದಿ. ಅದೇ ಕೇರಿಯಲ್ಲಿ ನೆಲದ ಆವಿಯಿಂದಲೇ ಅಡುಗೆಯನ್ನೂ ಮಾಡುತ್ತಾರೆ. ಬಿದಿರ ಬುಟ್ಟಿಯಲ್ಲಿ ಗೆಣಸು, ಕುಂಬಳ, ಮುಸುಕಿನ ಜೋಳ ಇಟ್ಟು ಬೇಯಿಸಿಕೊಂಡೆವು. ಸಸ್ಯಾಹಾರಿಗಳಿಗೆ ಅದೊಂದು ದೊಡ್ಡ ಉಪಕಾರ.

ಇಳಿಯಲಾಗದ ಬುಗ್ಗೆಗಳೂ ಇವೆ. ಅವಕ್ಕೆ ‘ಜಿಗೊಕು’, ಅಂದರೆ ನರಕ, ಎಂದು ಹೆಸರು. ‘ಸಮುದ್ರ ನರಕ’ದ ನೀರು ತಿಳಿನೀಲಿ; ಬಿಸಿ 98 ಡಿಗ್ರಿ. ‘ರಕ್ತದ ಕೊಳ’ ಕಬ್ಬಿಣದ ಅಂಶದಿಂದ ಕೆಂಪು. ಎಂಟನೆಯ ಶತಮಾನದ ಗ್ರಂಥ ಹೇಳುವ ಕೆಂಪು ಬುಗ್ಗೆ ಇದೇ. ಸುಂಟರಗಾಳಿಯ ಹೆಸರಿನ ಇನ್ನೊಂದು, ಅರ್ಧ ಗಂಟೆಗೋ ನಲವತ್ತು ನಿಮಿಷಕ್ಕೋ ಒಮ್ಮೆ ಚಿಮ್ಮುತ್ತದೆ.

ಹೋಗುವವರಿಗೆ ಒಂದೆರಡು ಎಚ್ಚರಿಕೆ. ಊಟವಾದ ಕೂಡಲೇ ನೀರಿಗಿಳಿಯಬೇಡಿ. ಮೊದಲ ಸಲ ಐದು ನಿಮಿಷ ಸಾಕು. ಥಟ್ಟನೆ ಏಳಬೇಡಿ, ತಲೆ ತಿರುಗೀತು. ಆಮೇಲೆ ಧಾರಾಳವಾಗಿ ನೀರು ಕುಡಿಯಿರಿ. ಹೃದಯದ ತೊಂದರೆ, ರಕ್ತದ ಒತ್ತಡ ಇದ್ದವರು ವೈದ್ಯರನ್ನು ಕೇಳಿಯೇ ಹೊರಡುವುದು ಲೇಸು. ಮೈಮೇಲೆ ಹಚ್ಚೆಯಿದ್ದವರನ್ನು ಕೆಲವು ಕಡೆ ಬಿಡುವುದಿಲ್ಲ, ಮೊದಲೇ ವಿಚಾರಿಸಿಕೊಳ್ಳಬೇಕು.

ಹೊರಡುವ ದಿನ ಬೆಳಗ್ಗೆ ಮತ್ತೆ ಅದೇ ಕೇರಿಯ ಸ್ನಾನದ ಮನೆಗೆ ಹೋದೆ. ಆ ಹಿರಿಯರು ತೊಟ್ಟಿಯಲ್ಲಿದ್ದರು. ನಾನು ನಲ್ಲಿಯ ಕಡೆ ಕೈ ತೋರಿಸಿ, “ಮಿಜು?” ಎಂದೆ. ಅವರು ಉಳಿದವರ ಮುಖವನ್ನೊಮ್ಮೆ ನೋಡಿ, ನಕ್ಕು, ತಾವೇ ನಲ್ಲಿಯನ್ನು ಒಂದಿಷ್ಟು ತಿರುಗಿಸಿದರು. ಸಣ್ಣ ಧಾರೆ ಬಿತ್ತು. ಅದರ ಬಳಿ ಕುತ್ತಿಗೆಯವರೆಗೆ ಮುಳುಗಿ ಕುಳಿತುಕೊಂಡೆ. ಸ್ವಲ್ಪ ಹೊತ್ತಿನ ಮೇಲೆ ನಾನೇ ಕೈಚಾಚಿ ಅದನ್ನು ನಿಲ್ಲಿಸಿದೆ.